ಒಂದೇ ನಾಣ್ಯಕ್ಕೆ ಎಯು 58 ಮತ್ತು ಎಂಎಸ್ 62: ದರ್ಜೆಯ ಮಾನದಂಡ ಒಂದೇ ಆಗಿದ್ದರೆ ಇದು ಹೇಗೆ ಸಾಧ್ಯ?

ಬೆಳ್ಳಿಬಿಲ್ಲೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನ ಸಂಗ್ರಹದಲ್ಲಿ 1891ರ ಮೋರ್ಗನ್ ಡಾಲರ್ (ಮುಂಬದಿಯಲ್ಲಿ ಲಿಬರ್ಟಿಯ ತಲೆ, ಹಿಂಬದಿಯಲ್ಲಿ ಹದ್ದು ಇರುವ ಅಮೆರಿಕದ ಬೆಳ್ಳಿ ನಾಣ್ಯ) ಒಂದಿದೆ. ಅದು ನ್ಯೂ ಆರ್ಲಿಯನ್ಸ್ ಟಂಕಸಾಲೆಯದು; ಹಿಂಬದಿಯಲ್ಲಿ ‘ಓ’ ಗುರುತು ಸ್ಪಷ್ಟವಾಗಿದೆ. ನಾನು ಕೊಂಡಾಗ ಅದು ನಾಣ್ಯಗಳಿಗೆ ದರ್ಜೆ ನೀಡುವ ಒಂದು ಗ್ರೇಡಿಂಗ್ ಸಂಸ್ಥೆಯ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಾದ ಸ್ಲ್ಯಾಬ್‌ನಲ್ಲಿತ್ತು, ಚೀಟಿಯ ಮೇಲೆ ಎಯು 58 (ಬಹುತೇಕ ಚಲಾವಣೆ ಕಾಣದ್ದು) ಎಂದಿತ್ತು. ಸ್ಲ್ಯಾಬ್‌ನ ಮೂಲೆ ಒಡೆದಿದ್ದ ಕಾರಣ ನಾಣ್ಯವನ್ನು ಹೊರತೆಗೆದು ಬೇರೊಂದು ಸಂಸ್ಥೆಗೆ ಕಳುಹಿಸಿದೆ. ಅಲ್ಲಿಂದ ಅದು ಎಂಎಸ್ 62 (ಟಂಕಸಾಲೆಯಿಂದ ಬಂದ ಸ್ಥಿತಿಯಲ್ಲೇ ಇರುವುದು) ಆಗಿ ಮರಳಿತು.

ಒಂದೆರಡು ಅಂಕಗಳ ವ್ಯತ್ಯಾಸವಾಗಿದ್ದರೆ ನಾನು ಈ ಪ್ರಶ್ನೆಯನ್ನೇ ಎತ್ತುತ್ತಿರಲಿಲ್ಲ. ಆದರೆ ಇಲ್ಲಿ ಮೊದಲನೆಯವರ ಪ್ರಕಾರ ನಾಣ್ಯ ಅಲ್ಪಸ್ವಲ್ಪವಾದರೂ ಚಲಾವಣೆ ಕಂಡಿದೆ; ಎರಡನೆಯವರ ಪ್ರಕಾರ ಅದು ಚಲಾವಣೆಯನ್ನೇ ಕಂಡಿಲ್ಲ. ಎರಡೂ ಏಕಕಾಲಕ್ಕೆ ಸತ್ಯವಾಗಲಾರವು. ಕಿವಿಯ ಮೇಲಿನ ಕೂದಲಿನ ಎಳೆಗಳು ಚಪ್ಪಟೆಯಾಗಿರುವುದನ್ನು ನಾನು ಬರಿಗಣ್ಣಿನಿಂದಲೇ ಕಾಣಬಲ್ಲೆ, ಹದ್ದಿನ ಎದೆಯ ಗರಿಗಳೂ ಮಸುಕಾಗಿವೆ. ಹಾಗಿದ್ದೂ ಹೊಳಪು ಚೆನ್ನಾಗಿಯೇ ಇದೆ.

ನನ್ನ ಪ್ರಶ್ನೆಗಳು ಎರಡು. ಇವೆರಡರಲ್ಲಿ ಯಾವ ದರ್ಜೆಯನ್ನು ನಂಬಬೇಕು? ಎಲ್ಲರೂ ಬಳಸುವುದು ಒಂದರಿಂದ ಎಪ್ಪತ್ತರವರೆಗಿನ ಅದೇ ಅಳತೆಯೇ ಆಗಿರುವಾಗ, ಅದರ ಅರ್ಥ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುವುದು ಏಕೆ?

ಟಂಕಸಾಲಿಗ:

ಬೆಳ್ಳಿಬಿಲ್ಲೆಯವರೇ, ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ.

ಈ ಅಳತೆ ಹುಟ್ಟಿದ್ದೇ ನಾಣ್ಯದ ಸ್ಥಿತಿಯನ್ನು ಬೆಲೆಗೆ ಗಂಟುಹಾಕುವ ಉದ್ದೇಶದಿಂದ. ವಿಲಿಯಂ ಶೆಲ್ಡನ್ ಅವರು 1949ರಲ್ಲಿ ಅಮೆರಿಕದ ಆರಂಭಿಕ ದೊಡ್ಡ ತಾಮ್ರದ ಸೆಂಟುಗಳ ಬಗ್ಗೆ ಬರೆದ ಗ್ರಂಥದಲ್ಲಿ ಇದನ್ನು ಮುಂದಿಟ್ಟರು. ಗುರುತು ಹಿಡಿಯಲಷ್ಟೇ ಸಾಧ್ಯವಾಗುವಂತೆ ಸವೆದ ನಾಣ್ಯಕ್ಕೆ ಒಂದು ಎಂದಾದರೆ, ಅದೇ ಬಗೆಯ ಪರಿಪೂರ್ಣ ನಾಣ್ಯಕ್ಕೆ ಅದರ ಎಪ್ಪತ್ತು ಪಟ್ಟು ಬೆಲೆ ಬರುತ್ತದೆ ಎಂಬುದು ಅವರ ಲೆಕ್ಕಾಚಾರವಾಗಿತ್ತು. ಮಾರುಕಟ್ಟೆ ಆ ಅನುಪಾತವನ್ನು ಬಹುಬೇಗ ಮೀರಿಹೋಯಿತು. ಅಂಕಿಗಳು ಮಾತ್ರ ಉಳಿದುಕೊಂಡವು. ಮುಂದೆ ಅವು ಬೆಳ್ಳಿ, ಚಿನ್ನ, ನಿಕಲ್ ಎನ್ನದೆ ಎಲ್ಲ ನಾಣ್ಯಗಳಿಗೂ ಹಬ್ಬಿದವು. ಹೀಗೆ ಒಂದು ಕಾಲದ, ಒಂದು ಸರಣಿಯ ಬೆಲೆಪಟ್ಟಿಯಾಗಿದ್ದದ್ದು ಇಂದು ಭೌತಿಕ ಅಳತೆಯಂತೆ ತೋರುತ್ತದೆ. ಎಪ್ಪತ್ತು ಎಂಬ ಸಂಖ್ಯೆಯಲ್ಲಿ ಇದಕ್ಕಿಂತ ಬೇರೆ ವೈಜ್ಞಾನಿಕ ರಹಸ್ಯವೇನೂ ಇಲ್ಲ.

ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ 1977ರಲ್ಲಿ ಅಧಿಕೃತ ಮಾನದಂಡಗಳನ್ನು ಪ್ರಕಟಿಸಿದಾಗ ಚಲಾವಣೆ ಕಾಣದ ನಾಣ್ಯಗಳಿಗೆ 60, 65, 70 ಎಂಬ ಮೂರೇ ಮೆಟ್ಟಿಲುಗಳಿದ್ದವು. ಗ್ರೇಡಿಂಗ್ ಸಂಸ್ಥೆಗಳಾದ ಪಿಸಿಜಿಎಸ್ 1986ರಲ್ಲಿಯೂ ಎನ್‌ಜಿಸಿ 1987ರಲ್ಲಿಯೂ ನಾಣ್ಯವನ್ನು ದರ್ಜೆಯ ಚೀಟಿಯೊಂದಿಗೆ ಸ್ಲ್ಯಾಬ್‌ನಲ್ಲಿಟ್ಟು ಮುಚ್ಚಿಕೊಡಲು ಆರಂಭಿಸಿದವು. ಅದೇ ದಶಕದಲ್ಲಿ ಆ ಮೂರು ಮೆಟ್ಟಿಲುಗಳು ಹನ್ನೊಂದಾದವು, 2010ರಲ್ಲಿ ಅವುಗಳ ನಡುವೆ ‘ಪ್ಲಸ್’ ದರ್ಜೆಯೂ ಸೇರಿತು. ಮೆಟ್ಟಿಲುಗಳು ಹೆಚ್ಚಿದಷ್ಟು ವೇಗದಲ್ಲಿ ಅವುಗಳನ್ನು ಬೇರ್ಪಡಿಸುವ ಲಿಖಿತ ವಿವರಣೆ ಹೆಚ್ಚಲಿಲ್ಲ. 63ಕ್ಕೂ 64ಕ್ಕೂ ನಡುವಿನ ವ್ಯತ್ಯಾಸವನ್ನು ಯಾವ ಕೈಪಿಡಿಯಲ್ಲಿ ಓದಿದರೂ ‘ಕೆಲವು’, ‘ಸ್ವಲ್ಪ’, ‘ಹೆಚ್ಚು ಆಕರ್ಷಕ’ ಎಂಬಂಥ ಪದಗಳೇ ಸಿಗುತ್ತವೆ.

ಇನ್ನು ನಿಮ್ಮ ನಾಣ್ಯದ ಬಗ್ಗೆ. 1891ರ ‘ಓ’ ಡಾಲರ್‌ಗಳು ದುರ್ಬಲ ಅಚ್ಚಿಗೆ ಕುಖ್ಯಾತವಾದವು. ಕಿವಿಯ ಮೇಲಿನ ಕೂದಲು ಮತ್ತು ಹದ್ದಿನ ಎದೆ ಈ ವಿನ್ಯಾಸದ ಅತಿ ಎತ್ತರದ ಭಾಗಗಳಾದ್ದರಿಂದ, ಅಚ್ಚಿನ ಒತ್ತಡ ಸಾಲದಿದ್ದರೆ ಲೋಹವು ಅಚ್ಚಿನ ಆಳದವರೆಗೆ ತುಂಬಿಕೊಳ್ಳುವುದಿಲ್ಲ. ಆಗ ಟಂಕಸಾಲೆಯಿಂದ ಹೊರಬಿದ್ದ ಕ್ಷಣದಲ್ಲೇ ನಾಣ್ಯ ಸವೆದಂತೆ ಕಾಣುತ್ತದೆ. ಇದನ್ನು ನಿಜವಾದ ಸವೆತದಿಂದ ಬೇರ್ಪಡಿಸಲು ಒಂದು ವಿಧಾನವಿದೆ. ಒಂದೇ ದೀಪದ ಕೆಳಗೆ ನಾಣ್ಯವನ್ನು ನಿಧಾನವಾಗಿ ಓರೆಮಾಡಿ ತಿರುಗಿಸಿ. ಹೊಳಪಿನ ಪಟ್ಟೆ ಚಪ್ಪಟೆ ಭಾಗದ ಮೇಲೂ ಕಡಿಯದೆ ಹಾದುಹೋದರೆ ಅದು ದುರ್ಬಲ ಅಚ್ಚು; ಅಲ್ಲಿಗೆ ಬಂದಾಗ ಪಟ್ಟೆ ತುಂಡಾಗಿ ಬೂದುಬಣ್ಣ ಕಾಣಿಸಿದರೆ ಅದು ಸವೆತ. ಭೂತಗನ್ನಡಿಯಲ್ಲಿ ನೋಡಿದರೆ, ಅಚ್ಚು ಪೂರ್ತಿಯಾಗಿ ಒತ್ತದ ಜಾಗದಲ್ಲಿ ಖಾಲಿ ಬಿಲ್ಲೆಯ ಮೂಲ ಒರಟುತನವೂ ಸಣ್ಣ ಗೀರುಗಳೂ ಹಾಗೆಯೇ ಉಳಿದಿರುವುದು ಕಾಣಬಹುದು. ಹಾಗೆ ನೋಡಿ ತಿಳಿಸಿದರೆ ಮೊದಲ ಪ್ರಶ್ನೆಗೆ ಉತ್ತರಿಸುವುದು ಸುಲಭವಾಗುತ್ತದೆ.

ಅಂಚುಗೆರೆ:

ಟಂಕಸಾಲಿಗರು ಹೇಳಿದ ಇತಿಹಾಸವನ್ನು ಒಪ್ಪುತ್ತೇನೆ. ಆದರೆ ದರ್ಜೆಗೆ ಬೆಲೆಯ ವಾಸನೆ ಅಂಟಿರುವುದೇ ದೋಷ ಎಂಬ ಧ್ವನಿಯನ್ನು ಒಪ್ಪಲಾರೆ.

ಚಲಾವಣೆ ಕಾಣದ ನಾಣ್ಯಗಳಲ್ಲಿ ಸವೆತವೇ ಇಲ್ಲದಿರುವುದರಿಂದ ಅಲ್ಲಿ ತೂಗಬೇಕಾದುದು ಹೊಳಪು, ಅಚ್ಚಿನ ಬಲ, ಗಾಯದ ಗುರುತುಗಳು ಮತ್ತು ಒಟ್ಟಾರೆ ಅಂದ. ಇವುಗಳಲ್ಲಿ ಯಾವುದನ್ನೂ ಬರಿಯ ಎಣಿಕೆಗೆ ಇಳಿಸಲಾಗದು. ಕೆನ್ನೆಯ ನಟ್ಟನಡುವೆ ಇರುವ ಒಂದೇ ಒಂದು ಕಚ್ಚು, ಕೂದಲಿನ ಸುರುಳಿಗಳ ನಡುವೆ ಅಡಗಿರುವ ಹತ್ತು ಕಚ್ಚುಗಳಿಗಿಂತ ಹೆಚ್ಚು ಹಾನಿ ಮಾಡುತ್ತದೆ ಎಂಬುದನ್ನು ಯಾವ ಸಂಗ್ರಾಹಕನೂ ಅಲ್ಲಗಳೆಯಲಾರ. ಕಂಪ್ಯೂಟರಿನಿಂದ ದರ್ಜೆ ನೀಡಿಸುವ ಪ್ರಯತ್ನ 1990ರ ದಶಕದ ಆರಂಭದಲ್ಲಿಯೇ ನಡೆದಿತ್ತು, ಅದು ನೆಲೆಯೂರಲಿಲ್ಲ. ಆದ್ದರಿಂದ 63ನ್ನು ಒಬ್ಬರು 64 ಎಂದರೆ ನನಗೆ ಆಕ್ಷೇಪವಿಲ್ಲ.

ನನ್ನ ಆಕ್ಷೇಪ ಇರುವುದು 58 ಮತ್ತು 60ರ ನಡುವಿನ ಗೆರೆಯ ಬಗ್ಗೆ. ಉಳಿದೆಲ್ಲ ಗೆರೆಗಳು ಪ್ರಮಾಣವನ್ನು ಹೇಳಿದರೆ, ಇದೊಂದು ಮಾತ್ರ ಒಂದು ಸಂಗತಿಯನ್ನು ಹೇಳುತ್ತದೆ: ಸವೆತ ಇದೆ ಅಥವಾ ಇಲ್ಲ. ಹೀಗಿದ್ದರೂ, ಎತ್ತರದ ಭಾಗಗಳಲ್ಲಿ ತುಸು ಉಜ್ಜಿದ ಗುರುತಿದ್ದು ಉಳಿದಂತೆ ಸೊಗಸಾಗಿರುವ ನಾಣ್ಯವನ್ನು ‘ಇದು ಜೋಡಿಸಿಟ್ಟಾಗ ಆದ ತಿಕ್ಕಾಟ, ಚಲಾವಣೆಯದಲ್ಲ’ ಎಂಬ ಕಾರಣ ನೀಡಿ 61 ಅಥವಾ 62ಕ್ಕೆ ಏರಿಸುವ ರೂಢಿ ಬಂದುಬಿಟ್ಟಿದೆ. ಚಿನ್ನದ ನಾಣ್ಯಗಳಲ್ಲಿ ಇದು ಇನ್ನೂ ಹೆಚ್ಚು. ತಿಕ್ಕಾಟ ಪೆಟ್ಟಿಗೆಯಲ್ಲಾಯಿತೋ ಜೇಬಿನಲ್ಲಾಯಿತೋ ಎಂದು ಲೋಹ ಹೇಳುವುದಿಲ್ಲ. ಲೋಹ ಹೋಗಿದೆ ಎಂಬುದಷ್ಟೇ ಕಾಣುತ್ತದೆ. ಸುಂದರವಾದ 58ಕ್ಕೆ ಕುರೂಪಿಯಾದ 60ಕ್ಕಿಂತ ಹೆಚ್ಚು ಬೆಲೆ ಕೊಡಲು ಖರೀದಿದಾರರು ಸಿದ್ಧರಿದ್ದರೆ ಕೊಡಲಿ, ಅದರಲ್ಲಿ ಅಸಹಜವೇನಿದೆ? ಆ ಬೆಲೆಯನ್ನು ಸಮರ್ಥಿಸಿಕೊಳ್ಳಲು ಅಂಕಿಯನ್ನೇ ತಿದ್ದುವ ಅಗತ್ಯವಿರಲಿಲ್ಲ.

ಕೆಂಪುಸೆಂಟು:

ತಾಮ್ರದ ನಾಣ್ಯಗಳನ್ನು ಸಂಗ್ರಹಿಸುವವನಾಗಿ ಒಂದು ವಿಷಯವನ್ನು ಸೇರಿಸುತ್ತೇನೆ. ಶೆಲ್ಡನ್ ಅಳತೆ ಯಾವ ಸೆಂಟುಗಳಿಗಾಗಿ ಹುಟ್ಟಿತೋ, ಅದೇ ಸೆಂಟುಗಳ ಸಂಗ್ರಾಹಕರು ಇಂದು ಸ್ಲ್ಯಾಬ್‌ನ ಅಂಕಿಯನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 1967ರಿಂದ ಇರುವ ಅರ್ಲಿ ಅಮೆರಿಕನ್ ಕಾಪರ್ಸ್ ಕೂಟದವರ ರೂಢಿಯಂತೆ ಮೊದಲು ವಿವರಗಳು ಎಷ್ಟು ಉಳಿದಿವೆ ಎಂಬುದಕ್ಕೆ ಒಂದು ಅಂಕಿ. ಆಮೇಲೆ ತುಕ್ಕು, ಗೀರು, ಅಂಚಿನ ಪೆಟ್ಟು, ಹಳೆಯ ಶುಚಿಗೊಳಿಸುವಿಕೆ ಮೊದಲಾದವುಗಳಿಗಾಗಿ ಕಳೆದು ಬರುವ ಇನ್ನೊಂದು ಅಂಕಿ. ಎರಡನ್ನೂ ಹೇಳುವುದರಿಂದ ಓದುವವನಿಗೆ ನಾಣ್ಯ ಕಣ್ಣ ಮುಂದೆ ಬರುತ್ತದೆ. ಈ ಎರಡನೆಯ ಅಂಕಿ ಸಾಮಾನ್ಯವಾಗಿ ಸ್ಲ್ಯಾಬ್‌ನ ಅಂಕಿಗಿಂತ ಕೆಳಗೇ ಇರುತ್ತದೆ.

ಎನ್‌ಜಿಸಿಯವರು ಪ್ರಾಚೀನ ನಾಣ್ಯಗಳ ವಿಷಯದಲ್ಲಿ ಇದೇ ದಾರಿ ಹಿಡಿದಿದ್ದಾರೆ: ಸವೆತಕ್ಕೆ ಒಂದು ದರ್ಜೆ, ಅಚ್ಚಿಗೆ ಐದರಲ್ಲಿ ಇಷ್ಟು, ಮೇಲ್ಮೈಗೆ ಐದರಲ್ಲಿ ಇಷ್ಟು. ಕೈಯಿಂದ ಹೊಡೆದ ನಾಣ್ಯಗಳಲ್ಲಿ ಅಚ್ಚು ಪಕ್ಕಕ್ಕೆ ಸರಿದಿರುವುದು ಸಾಮಾನ್ಯವಾದ್ದರಿಂದ ಒಂದೇ ಅಂಕಿ ಅಲ್ಲಿ ನಿಲ್ಲುವುದೇ ಇಲ್ಲ. ಯಂತ್ರದ ನಾಣ್ಯಗಳಿಗೆ ಮಾತ್ರ ಒಂದೇ ಅಂಕಿ ಸಾಕು ಎಂಬ ನಂಬಿಕೆ ಏಕೆ ಉಳಿಯಿತೋ ನನಗೆ ತಿಳಿಯದು. ಎಎನ್‌ಎಸಿಎಸ್ ಎಂಬ ಗ್ರೇಡಿಂಗ್ ಸಂಸ್ಥೆಯವರ ಹಳೆಯ ಛಾಯಾಚಿತ್ರ ಪ್ರಮಾಣಪತ್ರಗಳಲ್ಲಿ ಮುಂಬದಿಗೂ ಹಿಂಬದಿಗೂ ಪ್ರತ್ಯೇಕ ದರ್ಜೆ ಇರುತ್ತಿತ್ತು. ಸ್ಲ್ಯಾಬ್ ಬಂದ ಮೇಲೆ ಅದೂ ಹೋಯಿತು. ಮಾರುವವರಿಗೆ ಒಂದೇ ಅಂಕಿ ಅನುಕೂಲ ಎಂಬುದೇ ಕಾರಣವಿರಬೇಕು ಎಂದು ನನ್ನ ಊಹೆ.

ದರ್ಜೆಯ ವಾದಗಳಲ್ಲಿ ಬಣ್ಣ ಮತ್ತು ಶುಚಿಗೊಳಿಸುವಿಕೆ ಇನ್ನೊಂದು ದೊಡ್ಡ ಪಾಲು ತೆಗೆದುಕೊಳ್ಳುತ್ತವೆ. ನಾಣ್ಯದ ಹೊಳಪು ಎಂದರೆ ಅಚ್ಚಿನ ಒತ್ತಡದಲ್ಲಿ ಲೋಹ ಹರಿದಾಗ ಮೂಡಿದ ಅತಿ ಸೂಕ್ಷ್ಮ ಗೆರೆಗಳಿಂದ ಬೆಳಕು ಪ್ರತಿಫಲಿಸುವುದು. ಬೆಳ್ಳಿಯನ್ನು ಆಮ್ಲದ ದ್ರಾವಣದಲ್ಲಿ ಅದ್ದಿ ತೆಗೆದರೆ ಕಪ್ಪಿನೊಂದಿಗೆ ಆ ಗೆರೆಗಳ ತುದಿಯೂ ತುಸು ಕರಗುತ್ತದೆ. ಒಮ್ಮೆ ಅದ್ದಿದ್ದನ್ನು ಸಂಸ್ಥೆಗಳು ಸಾಮಾನ್ಯವಾಗಿ ಮನ್ನಿಸುತ್ತವೆ, ಮತ್ತೆ ಮತ್ತೆ ಅದ್ದಿ ನಿಸ್ತೇಜವಾದದ್ದನ್ನು ಮನ್ನಿಸುವುದಿಲ್ಲ. ಇವೆರಡರ ನಡುವೆ ಗೆರೆ ಎಳೆಯುವವರು ಯಾರು? ಗಂಧಕದ ಸಂಪರ್ಕದಿಂದ ದಶಕಗಳಲ್ಲಿ ತಾನಾಗಿ ಬಂದ ಬಣ್ಣಕ್ಕೂ ಯಾರೋ ಬೇಗನೆ ಬರಿಸಿದ ಬಣ್ಣಕ್ಕೂ ರಾಸಾಯನಿಕವಾಗಿ ಹೆಚ್ಚಿನ ಅಂತರವಿಲ್ಲ. ಇಲ್ಲಿ ಪರಿಣತರೇ ಪರಸ್ಪರ ಒಪ್ಪುವುದಿಲ್ಲವಾದ್ದರಿಂದ, ಅದೇ ನಾಣ್ಯ ಒಂದು ಕಡೆ ಅಂಕಿ ಪಡೆದು ಇನ್ನೊಂದು ಕಡೆ ‘ಬಣ್ಣ ಸಂದೇಹಾಸ್ಪದ’ ಎಂದು ಅಂಕಿಯಿಲ್ಲದೆ ಮರಳುವುದು ಆಶ್ಚರ್ಯವಲ್ಲ.

ಬೆಳ್ಳಿಬಿಲ್ಲೆ:

ಮೂವರಿಗೂ ಧನ್ಯವಾದಗಳು. ಟಂಕಸಾಲಿಗರು ಹೇಳಿದಂತೆ ಒಂದೇ ದೀಪದ ಕೆಳಗೆ ನೋಡಿದೆ. ಕಿವಿಯ ಮೇಲಿನ ಕೂದಲಿನ ಮೇಲೆ ಹೊಳಪಿನ ಪಟ್ಟೆ ಕಡಿಯದೆ ಹಾದುಹೋಗುತ್ತದೆ, ಭೂತಗನ್ನಡಿಯಲ್ಲಿ ಅಲ್ಲಿ ಸಣ್ಣ ಒರಟು ಗೀರುಗಳೂ ಕಾಣುತ್ತವೆ. ಹದ್ದಿನ ಎದೆಯೂ ಹಾಗೆಯೇ ಇದೆ. ಆದರೆ ಕೆನ್ನೆಯ ಉಬ್ಬಿನ ಮೇಲೆ ಉದ್ದಿನ ಕಾಳಿನಷ್ಟು ಜಾಗದಲ್ಲಿ ಮಾತ್ರ ಪಟ್ಟೆ ತುಂಡಾಗಿ ಮಂಕು ಬೂದುಬಣ್ಣ ಕಾಣಿಸುತ್ತದೆ. ಸುತ್ತಲಿನ ಬಯಲಿನಲ್ಲಿ (ಚಿತ್ರವಿಲ್ಲದ ಸಮತಟ್ಟಾದ ಭಾಗದಲ್ಲಿ) ಎಲ್ಲಿಯೂ ಹಾಗಿಲ್ಲ.

ಟಂಕಸಾಲಿಗ:

ಹಾಗಾದರೆ ಎರಡೂ ಸಂಸ್ಥೆಗಳು ಕಂಡದ್ದು ಅದೇ ಬೂದು ಚುಕ್ಕೆಯನ್ನು. ಕೂದಲಿನ ವಿಷಯದಲ್ಲಿ ಇಬ್ಬರೂ ಮೋಸಹೋಗಿಲ್ಲ ಎಂದು ಭಾವಿಸುತ್ತೇನೆ. ಅಲ್ಲಿ ಸವೆತವೆಂದು ಎಣಿಸಿದ್ದರೆ ಮೊದಲನೆಯವರು 58ಕ್ಕಿಂತ ಬಹಳ ಕೆಳಗೆ ಹೋಗುತ್ತಿದ್ದರು. ಮೋರ್ಗನ್ ಡಾಲರ್‌ಗಳನ್ನು ಸಾವಿರದ ಲೆಕ್ಕದಲ್ಲಿ ಚೀಲಗಳಲ್ಲಿ ತುಂಬಿ ದಶಕಗಳ ಕಾಲ ಖಜಾನೆಗಳಲ್ಲಿಟ್ಟಿದ್ದರಿಂದ ಕೆನ್ನೆಯ ಮೇಲೆ ಒಂದಕ್ಕೊಂದು ತಿಕ್ಕಿದ ಗುರುತು ಸಾಮಾನ್ಯ. ಬಯಲಿನಲ್ಲಿ ಹೊಳಪು ಒಂದಿಷ್ಟೂ ಕಡಿಯದಿರುವುದು ಚೀಲದ ತಿಕ್ಕಾಟದ ಕಡೆಗೇ ವಾಲುತ್ತದೆ, ಏಕೆಂದರೆ ಕೈಯಿಂದ ಕೈಗೆ ಓಡಾಡಿದ ನಾಣ್ಯದಲ್ಲಿ ಬಯಲು ಸಹ ಬೇಗನೆ ಮಂಕಾಗುತ್ತದೆ. ನನ್ನ ಕೈಗೆ ಬಂದಿದ್ದರೆ ನಾನು 61 ಎನ್ನುತ್ತಿದ್ದೆ. ಅಂಚುಗೆರೆಯವರು 58 ಎಂದೇ ನಿಲ್ಲುತ್ತಾರೆ, ಅವರ ನಿಯಮದಂತೆ ಅದು ಸರಿಯೂ ಹೌದು.

ಕೊಳ್ಳುವಾಗ ಯಾವುದನ್ನು ನಂಬಬೇಕು ಎಂಬುದಕ್ಕೆ ಮಾರುಕಟ್ಟೆಯೇ ಒಂದು ಬಗೆಯ ಉತ್ತರ ಕೊಟ್ಟಿದೆ. ಸಿಎಸಿ ಎಂಬ ಸಂಸ್ಥೆ 2007ರಿಂದ ಸ್ಲ್ಯಾಬ್‌ನಲ್ಲಿರುವ ನಾಣ್ಯಗಳನ್ನು ಮತ್ತೊಮ್ಮೆ ನೋಡಿ, ಚೀಟಿಯ ದರ್ಜೆಗೆ ಚೆನ್ನಾಗಿ ಒಪ್ಪುವಂಥವುಗಳಿಗೆ ಹಸಿರು ಅಂಟುಚೀಟಿಯನ್ನೂ, ಅದನ್ನು ಮೀರಿದವುಗಳಿಗೆ ಚಿನ್ನದ ಬಣ್ಣದ ಅಂಟುಚೀಟಿಯನ್ನೂ ಹಚ್ಚುತ್ತಾ ಬಂದಿದೆ. ಒಂದೇ ಅಂಕಿಯೊಳಗೆ ಬಲವಾದ ನಾಣ್ಯಗಳೂ ದುರ್ಬಲವಾದವೂ ಇವೆಯೆಂದು ಇದರಿಂದ ಎಲ್ಲರೂ ಒಪ್ಪಿಕೊಂಡಂತಾಯಿತು. ನಿಮ್ಮ 62ಕ್ಕೆ ಹಸಿರು ಚೀಟಿ ಸಿಗುವ ಸಂಭವ ಕಡಿಮೆ ಎಂದು ನನ್ನ ಅನಿಸಿಕೆ.

ಅಂಚುಗೆರೆ:

58 ಎಂದೇ ನಿಲ್ಲುತ್ತೇನೆ. ಮಾರುವಾಗ ಕೆನ್ನೆಯ ಮೇಲಿನ ಚುಕ್ಕೆಯನ್ನೂ ಕೂದಲಿನ ದುರ್ಬಲ ಅಚ್ಚನ್ನೂ ವಿವರಣೆಯಲ್ಲಿ ಬರೆದು, ಓರೆ ಬೆಳಕಿನಲ್ಲಿ ತೆಗೆದ ಚಿತ್ರ ಹಾಕಿದರೆ ಕೊಳ್ಳುವವರು ತಮ್ಮ ಅಂಕಿಯನ್ನು ತಾವೇ ಹಾಕಿಕೊಳ್ಳುತ್ತಾರೆ.

ಇನ್ನೊಂದು ಕೋರಿಕೆ. ಮೊದಲ ಸ್ಲ್ಯಾಬ್‌ನ ಚೀಟಿ ನಿಮ್ಮ ಬಳಿ ಉಳಿದಿದ್ದರೆ ಅದನ್ನು ಆ ಸಂಸ್ಥೆಗೆ ಹಿಂದಿರುಗಿಸಿ. ಇಲ್ಲವಾದರೆ ಒಂದೇ ನಾಣ್ಯ ಒಬ್ಬರ ಸಂಖ್ಯಾ ವರದಿಯಲ್ಲಿ (ಯಾವ ದರ್ಜೆಗೆ ಎಷ್ಟು ನಾಣ್ಯ ಎಂಬ ಸಂಸ್ಥೆಯ ಪಟ್ಟಿಯಲ್ಲಿ) 58 ಆಗಿಯೂ ಇನ್ನೊಬ್ಬರದರಲ್ಲಿ 62 ಆಗಿಯೂ ಎರಡು ನಾಣ್ಯಗಳಾಗಿ ಎಣಿಕೆಯಾಗುತ್ತಿರುತ್ತದೆ. ಹೆಚ್ಚಿನ ಅಂಕಿಯ ಆಸೆಗೆ ಒಡೆದು ಮತ್ತೆ ಮತ್ತೆ ಕಳುಹಿಸುವವರಿಂದ ಆ ವರದಿಗಳು ಈಗಾಗಲೇ ಸಾಕಷ್ಟು ಊದಿಕೊಂಡಿವೆ.