ತಮ್ಮ ಸೇನೆಗೆ ಸೇರುತ್ತಾನಂತೆ, ಅಜ್ಜ ಬೇಡ ಅಂತಾರೆ: ನಿಮ್ಮ ಅನುಭವ ಹೇಳಿ

ಕೇಳಿದವರು: ಧಾರವಾಡದಿಂದ

ಎಲ್ಲರಿಗೂ ವಂದನೆಗಳು. ನಮ್ಮದು ಅಜ್ಜನ ಕಾಲದಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಚರ್ಚ್. ತಮ್ಮನಿಗೆ ಈಗ 19. ಪಿಯುಸಿ ಮುಗಿದಿದೆ, ಅಗ್ನಿವೀರ್ (ನಾಲ್ಕು ವರ್ಷಕ್ಕೆ ಸೈನಿಕರನ್ನು ತೆಗೆದುಕೊಳ್ಳುವ ಯೋಜನೆ) ರ‍್ಯಾಲಿಗೆ ಅಂತ ದಿನಾ ಬೆಳಗ್ಗೆ ಓಡುತ್ತಿದ್ದಾನೆ. ಅಮ್ಮನಿಗೆ ಹೆಮ್ಮೆ. ಅಜ್ಜನಿಗೆ ಸಂಕಟ. "ಕೊಲ್ಲಬೇಡ ಅಂತ ಇವನಿಗೆ ಬಾಯಿಪಾಠ ಮಾಡಿಸಿದ್ದು ನಾನೇ. ಈಗ ಬಂದೂಕು ಹಿಡಿ ಅಂತ ತಲೆ ಮೇಲೆ ಕೈ ಇಡಲಾ?" ಅಂತ ಕೇಳುತ್ತಾರೆ.

ಇದು ಮನೆಯೊಳಗಿನ ಮಾತು ಮಾತ್ರ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ ನಡೆಯಿತಲ್ಲ, ಆಗ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಪಟಾಕಿ ಚಿತ್ರಗಳೇ ಚಿತ್ರಗಳು. ನಮ್ಮ ಒಬ್ಬ ಆಂಟಿ ಶತ್ರುಗಳಿಗಾಗಿ ಪ್ರಾರ್ಥಿಸಿರಿ ಅನ್ನುವ ಮತ್ತಾಯನ ವಚನ ಹಾಕಿದರು, ಅಷ್ಟೇ. ದೇಶದ್ರೋಹಿ ಅಂತ ಬರೆದರು. ಅವರು ಗುಂಪು ಬಿಟ್ಟರು, ಸ್ತ್ರೀಯರ ಕೂಟಕ್ಕೂ ಬರುತ್ತಿಲ್ಲ. ಯೌವನಸ್ಥರಲ್ಲಿ ಕೆಲವರು "ಕ್ರೈಸ್ತನಿಗೆ ರಾಜಕೀಯವೇ ಬೇಡ, ನಮ್ಮ ದೇಶ ಪರಲೋಕ" ಅಂತಾರೆ. ನನಗೆ ಅದೂ ಸರಿ ಅನ್ನಿಸುತ್ತಿಲ್ಲ.

ನಿಮ್ಮ ಮನೆಯಲ್ಲಿ, ಸಭೆಯಲ್ಲಿ ಇಂಥದ್ದು ಬಂದಾಗ ಏನು ಮಾಡಿದಿರಿ? ಬರೀ ವಚನ ಕಳಿಸಬೇಡಿ ದಯವಿಟ್ಟು, ಅವು ಎರಡೂ ಕಡೆಯವರ ಹತ್ತಿರ ಇವೆ.

ನಿವೃತ್ತ ಸುಬೇದಾರ್, ಬೆಂಗಳೂರು

ತಂಗಿ, ಬಂದೂಕಿನ ಮಾತು ಆಮೇಲೆ. ಮೊದಲು ನಿನ್ನ ತಮ್ಮನಿಗೆ ಎದುರಾಗುವುದು ಪೂಜೆಯ ವಿಚಾರ. ಅದನ್ನು ಯಾರೂ ಮುಂಚೆ ಹೇಳುವುದಿಲ್ಲ.

ಪಲ್ಟನ್‌ನಲ್ಲಿ ಮಂದಿರ ಇರುತ್ತದೆ, ಗುರುದ್ವಾರ ಇರುತ್ತದೆ, ಎಷ್ಟೋ ಕಡೆ ಎಲ್ಲಾ ಧರ್ಮಕ್ಕೂ ಸೇರಿ ಒಂದೇ ಸರ್ವಧರ್ಮ ಸ್ಥಳ. ಪಂಡಿತ, ಗ್ರಂಥಿ, ಮೌಲ್ವಿ ಇದ್ದ ಹಾಗೆ ಪಾದ್ರಿ ಹುದ್ದೆಯೂ ಸೇನೆಯಲ್ಲಿದೆ. ಆದರೆ ಕ್ರೈಸ್ತರು ಬೆರಳೆಣಿಕೆ ಇದ್ದ ಕಡೆ ಪಾದ್ರಿ ಎಲ್ಲಿಂದ ಬರಬೇಕು? ವಾರದ ಪೂಜೆಯ ಪೆರೇಡ್‌ಗೆ ಎಲ್ಲರ ಜೊತೆ ನಿಲ್ಲಬೇಕು. ನಾನು ನಿಂತೆ. ಮನಸ್ಸಿನಲ್ಲಿ ಬೈಬಲ್ಲಿನ 23ನೇ ಕೀರ್ತನೆ ಹೇಳಿಕೊಳ್ಳುತ್ತಿದ್ದೆ. ಕ್ರಿಸ್‌ಮಸ್ ಬಂದಾಗ ಅದೇ ಹುಡುಗರು ನನ್ನ ಜೊತೆ ಬಂದು ನಿಂತರು.

ಎಲ್ಲರಿಗೂ ಇದು ಆಗುವುದಿಲ್ಲ. ಒಬ್ಬ ಕ್ರೈಸ್ತ ಲೆಫ್ಟಿನೆಂಟ್ ತನ್ನ ಜವಾನರ ಜೊತೆ ಮಂದಿರ, ಗುರುದ್ವಾರದ ತನಕ ಹೋಗುತ್ತಿದ್ದರು, ಗರ್ಭಗುಡಿಯೊಳಗೆ ಮಾತ್ರ ಕಾಲಿಡಲಾರೆ ಅಂದರು. 2021ರಲ್ಲಿ ಸೇನೆ ಅವರನ್ನು ವಜಾ ಮಾಡಿತು. 2025ರ ಮೇನಲ್ಲಿ ದೆಹಲಿ ಹೈಕೋರ್ಟ್, ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎರಡೂ ಸೇನೆಯ ಪರ ನಿಂತವು. ಒಳಗೆ ಹೋಗುವುದು ನಂಬಿಕೆಗೆ ವಿರೋಧ ಅಲ್ಲ ಅಂತ ಪಾಸ್ಟರ್ ಒಬ್ಬರೇ ಅವರಿಗೆ ತಿಳಿಹೇಳಿದ್ದರು ಅನ್ನುವುದನ್ನೂ ನ್ಯಾಯಮೂರ್ತಿಗಳು ಎತ್ತಿ ಹೇಳಿದರು. ಕೋರ್ಟ್ ಹೇಳಿದ್ದು ನನಗೆ ಅರ್ಥವಾಗುತ್ತದೆ. ಆ ಹುಡುಗನ ಸಂಕಟವೂ ಅರ್ಥವಾಗುತ್ತದೆ. ನಿನ್ನ ತಮ್ಮ ಎಲ್ಲಿ ತನಕ ಹೋಗಬಲ್ಲ ಅನ್ನುವುದನ್ನು ಅರ್ಜಿ ತುಂಬುವ ಮೊದಲೇ ಯೋಚಿಸಲಿ. ಸೇರಿದ ಮೇಲೆ ಅದು ಅವನ ಕೈಯಲ್ಲಿ ಇರುವುದಿಲ್ಲ.

ಇನ್ನು ಕೊಲ್ಲುವ ಮಾತು. ಬೈಬಲ್ಲಿನಲ್ಲಿ ಸೈನಿಕರು ಬಂದು "ನಾವೇನು ಮಾಡಬೇಕು?" ಅಂತ ಕೇಳಿದಾಗ ಸ್ನಾನಿಕ ಯೋಹಾನ ಕೆಲಸ ಬಿಡಿ ಅನ್ನಲಿಲ್ಲ. ಯಾರನ್ನೂ ಬೆದರಿಸಿ ದುಡ್ಡು ಕೀಳಬೇಡಿ, ಸಂಬಳದಲ್ಲಿ ತೃಪ್ತಿಪಡಿ ಅಂದ (ಲೂಕ 3). ನನ್ನ ಮಟ್ಟಿಗೆ ಶತ್ರುವನ್ನು ಪ್ರೀತಿಸುವುದು ಅಂದರೆ ಕೈ ಎತ್ತಿದವನ ಮೈ ಮುಟ್ಟದಿರುವುದು, ಗಾಯಗೊಂಡವನಿಗೆ ನೀರು ಕೊಡುವುದು. ಜಿನೀವಾ ಒಪ್ಪಂದದಲ್ಲೂ ಅದೇ ಇದೆ, ನಮಗೆ ಕಲಿಸುತ್ತಾರೆ ಕೂಡ. ಸಿಟ್ಟು ನೆತ್ತಿಗೇರಿದಾಗ ಅದನ್ನು ಪಾಲಿಸುವ ಮನುಷ್ಯ ಬೇಕು. ಅಂಥವನು ಒಳಗೆ ಇರಲಿ ಅಂತ ನನ್ನ ಆಸೆ.

ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು, ಮಂಗಳೂರು

ಸುಬೇದಾರ್ ಸರ್ ಹೇಳಿದ್ದಕ್ಕೆ ಗೌರವ ಇದೆ. ಆದರೆ ಅಜ್ಜನ ಮಾತನ್ನು ಹಳೇ ಕಾಲದ್ದು ಅಂತ ಪಕ್ಕಕ್ಕಿಡಬೇಡಿ. ನಿಜ ಹೇಳಬೇಕೆಂದರೆ ಸಭೆಯ ಅತಿ ಹಳೇ ದನಿಗಳಲ್ಲಿ ಅದೂ ಒಂದು.

ಕ್ರಿ.ಶ. 295ರಲ್ಲಿ ಉತ್ತರ ಆಫ್ರಿಕಾದಲ್ಲಿ, ಈಗಿನ ಅಲ್ಜೀರಿಯಾದಲ್ಲಿ, ಮ್ಯಾಕ್ಸಿಮಿಲಿಯನ್ ಅಂತ ಒಬ್ಬ ಹುಡುಗ. ವಯಸ್ಸು 21. ಅಪ್ಪ ರೋಮನ್ ಸೇನೆಯಲ್ಲಿದ್ದವನು, ಹಾಗಾಗಿ ಮಗನೂ ಸೇರಬೇಕು. ಹುಡುಗ ನಾನು ಕ್ರೈಸ್ತ, ಆಗುವುದಿಲ್ಲ ಅಂದ. ಅಧಿಕಾರಿ ಕೇಳಿದ: ಚಕ್ರವರ್ತಿಯ ಕಾವಲು ಪಡೆಯಲ್ಲೇ ಕ್ರೈಸ್ತರು ಇದ್ದಾರಲ್ಲ? ತಮಗೆ ಯಾವುದು ಸರಿ ಅಂತ ಅವರಿಗೆ ಗೊತ್ತು, ನನಗೆ ಮಾತ್ರ ಆಗುವುದಿಲ್ಲ ಅಂದ. ತಲೆ ತೆಗೆದರು. ಈ ಮಾತುಕತೆಯಲ್ಲಿ ನನಗೆ ಹಿಡಿಸುವುದು ಏನೆಂದರೆ, ಸೇನೆಯಲ್ಲಿದ್ದ ಕ್ರೈಸ್ತರನ್ನು ಅವನು ಬೈಯಲಿಲ್ಲ. ಅಂದರೆ 1,700 ವರ್ಷದ ಹಿಂದೆಯೇ ಎರಡೂ ಥರದವರು ಒಂದೇ ಸಭೆಯಲ್ಲಿದ್ದರು.

ಆಮೇಲೆ ಚಕ್ರವರ್ತಿಯೇ ಕ್ರೈಸ್ತನಾದ, ಲೆಕ್ಕ ಬದಲಾಯಿತು. ಹಳೇ ಸಭೆಯ ದೊಡ್ಡ ಬೋಧಕ ಅಗಸ್ಟೀನ್, ಅವನ ನಂತರ 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್, ಯುದ್ಧಕ್ಕೆ ಕಟ್ಟು ಹಾಕಿದರು: ಹೊಡೆಯಲು ಹಕ್ಕುಳ್ಳ ಅಧಿಕಾರ ಇರಬೇಕು, ಕಾರಣ ನ್ಯಾಯವಾದದ್ದಾಗಿರಬೇಕು, ಉದ್ದೇಶ ಸರಿಯಿರಬೇಕು. ಇದು ಯುದ್ಧಕ್ಕೆ ಹಾಕಿದ ಮೂಗುದಾರ. ಆದರೆ ಜನ ಇದನ್ನು ಯುದ್ಧಕ್ಕೆ ಸಿಕ್ಕ ಲೈಸೆನ್ಸ್ ಥರ ಓದಿದರು. ಪೋಪ್ ಫ್ರಾನ್ಸಿಸ್ 2020ರಲ್ಲಿ ಬರೆದದ್ದು ಅದಕ್ಕೇ. ಈಗಿನ ಆಯುಧಗಳ ಕಾಲದಲ್ಲಿ ನ್ಯಾಯದ ಯುದ್ಧ ಅಂತ ಆ ಹಳೇ ಅಳತೆ ಹಿಡಿದು ಹೇಳುವುದು ತುಂಬಾ ಕಷ್ಟ ಅಂದರು.

ಅಜ್ಜನಿಗೆ ಇನ್ನೊಂದು ಕಥೆ ಓದಿ ಹೇಳಿ. ಆಸ್ಟ್ರಿಯಾದ ಹಳ್ಳಿಯ ರೈತ ಫ್ರಾನ್ಸ್ ಯೇಗರ್‌ಸ್ಟೆಟರ್. ಮೂರು ಹೆಣ್ಣುಮಕ್ಕಳ ಅಪ್ಪ, ಊರ ಚರ್ಚ್ ನೋಡಿಕೊಳ್ಳುತ್ತಿದ್ದವನು. ಹಿಟ್ಲರನಿಗಾಗಿ ಯುದ್ಧ ಮಾಡಲಾರೆ ಅಂದ. ಹೆಂಡತಿ ಮಕ್ಕಳ ಕಡೆ ನೋಡು, ಯುದ್ಧ ಸರಿಯೋ ತಪ್ಪೋ ಅನ್ನುವುದು ನಿನ್ನ ಹೊಣೆ ಅಲ್ಲ ಅಂತ ಬಿಷಪ್ಪರೇ ಬುದ್ಧಿ ಹೇಳಿದರು. ಗಾಯಾಳುಗಳ ಸೇವೆ ಬೇಕಾದರೆ ಮಾಡುತ್ತೇನೆ ಅಂತ ಅವನು ಕೇಳಿಕೊಂಡ, ಒಪ್ಪಲಿಲ್ಲ. 1943ರ ಆಗಸ್ಟ್ 9ರಂದು ಕೊಂದರು. 2007ರಲ್ಲಿ ಅದೇ ಕಥೋಲಿಕ ಧರ್ಮಸಭೆ ಅವನನ್ನು ಧನ್ಯ (ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗೆ) ಅಂತ ಸಾರಿತು. ಸತ್ತ ಮೇಲೆ ಹಾರ ಹಾಕುವುದು ಸುಲಭ, ಅಲ್ವಾ?

ಹಾಗಂತ ದೂರದ ಕಥೆ ಮಾತ್ರ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅನ್ನುವ ಮಿಷನರಿ ಸಂಸ್ಥೆ ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆ ಎಲ್ಲಾ ಮಾಡಿತು. ಮೊದಲ ಮಹಾಯುದ್ಧ ಶುರುವಾದದ್ದೇ ತಡ, ಜರ್ಮನ್ ಮಿಷನರಿಗಳು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರು ದೇಶದವರಾದರು. ಬಂಧನದಲ್ಲಿಟ್ಟರು, ಆಮೇಲೆ ವಾಪಸ್ ಕಳಿಸಿದರು. ಕಾರ್ಖಾನೆಗಳು ಕೈಬಿಟ್ಟು ಹೋದವು. ಬಂಧಿಸಿದವರೂ ಕ್ರೈಸ್ತರು, ಸಿಕ್ಕಿಬಿದ್ದವರೂ ಕ್ರೈಸ್ತರು. ನಡುವೆ ಉಳಿದದ್ದು ಇಲ್ಲಿನ ಸಭೆ. (ಖಾಕಿ ಬಟ್ಟೆ ಹುಟ್ಟಿದ್ದು ಇದೇ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಅಂತ ನಮ್ಮೂರಲ್ಲಿ ಹೇಳಿಕೊಳ್ಳುತ್ತಾರೆ. ಹೆಮ್ಮೆ ಪಡಬೇಕೋ ಬೇಡವೋ ನೀವೇ ಹೇಳಿ.)

ಬೆಂಗಳೂರಿನವರು ಒಮ್ಮೆ ಎಂ.ಜಿ. ರಸ್ತೆ ಕೊನೆಯ ಹೋಲಿ ಟ್ರಿನಿಟಿ ಚರ್ಚಿಗೆ ಹೋಗಿ ಗೋಡೆ ನೋಡಿ. ದಂಡಿನವರಿಗಾಗಿ ಕಟ್ಟಿದ ಚರ್ಚ್ ಅದು. ಬ್ರಿಟಿಷ್ ಸೈನಿಕರ ಹೆಸರಿನ ಕಲ್ಲುಗಳು ಇವೆ. ಅವರ ಎದುರು ಹೋರಾಡಿ ಸತ್ತವರಿಗೆ ಅಲ್ಲಿ ಕಲ್ಲಿಲ್ಲ. ಪ್ರತಿ ದೇಶದ ಚರ್ಚಿನಲ್ಲೂ ಹೀಗೇ ಆಗಿದೆ. ನನಗೆ ಭಯ ಇರುವುದು ಸೇನೆ ಸೇರುವ ಹುಡುಗನ ಬಗ್ಗೆ ಅಲ್ಲ. ತನ್ನ ಕಡೆಯ ಹೆಣಗಳನ್ನು ಮಾತ್ರ ಎಣಿಸುವ ಸಭೆಯ ಬಗ್ಗೆ.

ಕೆಜಿಎಫ್‌ನಿಂದ

ಸುಮ್ನೆ ಒಂದು ಮಾತು. ಆ ಗುಂಪಿನಲ್ಲಿ ಪಟಾಕಿ ಚಿತ್ರ ಹಾಕಿದವರಲ್ಲಿ ಅರ್ಧ ಜನ ಭಯಕ್ಕೆ ಹಾಕಿರುತ್ತಾರೆ. ಸ್ಕ್ರೀನ್‌ಶಾಟ್ ಹೊರಗೆ ಹೋದರೆ ಅನ್ನುವ ಭಯ. ನಮ್ಮ ದೇಶಪ್ರೇಮಕ್ಕೆ ಯಾವಾಗಲೂ ಯಾರೋ ರಸೀದಿ ಕೇಳುತ್ತಿರುತ್ತಾರೆ. ಕೊಟ್ಟಷ್ಟೂ ಸಾಲದು.

ಸಂವಿಧಾನ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜ ಇದ್ದರು. ಉಪಾಧ್ಯಕ್ಷ ಎಚ್.ಸಿ. ಮುಖರ್ಜಿ ಬಂಗಾಳದ ಕ್ರೈಸ್ತರು. ಕ್ರೈಸ್ತರಿಗೆ ಬೇರೆ ಮೀಸಲು ಸ್ಥಾನ ಬೇಡ, ಎಲ್ಲರ ಜೊತೆ ನಿಲ್ಲುತ್ತೇವೆ ಅಂದ ಪೀಳಿಗೆ ಅದು. ರಾಜಕೀಯವೇ ಬೇಡ ಅನ್ನುವ ನಿಮ್ಮ ಯೌವನಸ್ಥರಿಗೆ ಇವರಿಬ್ಬರ ಬಗ್ಗೆ ಹೇಳಿ.

ಗಣರಾಜ್ಯೋತ್ಸವದ ಕೊನೆಗೆ ಸೇನೆಯ ಬ್ಯಾಂಡ್‌ಗಳು ನುಡಿಸುವ ಬೀಟಿಂಗ್ ರಿಟ್ರೀಟ್‌ನಲ್ಲಿ ಗಾಂಧಿಗೆ ಇಷ್ಟವಾದ ‘ಅಬೈಡ್ ವಿತ್ ಮಿ’ ಕೀರ್ತನೆ ನುಡಿಸುತ್ತಿದ್ದರು. 2022ರಲ್ಲಿ ತೆಗೆದರು. ನನ್ನ ಅಪ್ಪನಿಗೆ ಅದು ಬಹಳ ಬೇಜಾರಾಯಿತು. ನನಗೆ ಅಷ್ಟಿಲ್ಲ. ಆ ಹಾಡಿಗೆ ಸೇನೆಯ ಬ್ಯಾಂಡ್ ಬೇಕಿಲ್ಲ.

ನರ್ಸ್, ಅಡ್ವೆಂಟಿಸ್ಟ್ ಸಭೆ, ಬೆಂಗಳೂರು

ಸೇನೆ ಅಂದ ಕೂಡಲೇ ಬಂದೂಕೇ ಯಾಕೆ? ನಮ್ಮ ಸಭೆಯ ಡೆಸ್ಮಂಡ್ ಡಾಸ್ ಅಮೆರಿಕದ ಸೇನೆಗೆ ತಾನಾಗಿ ಸೇರಿದ, ಬಂದೂಕು ಮುಟ್ಟಲ್ಲ ಅಂದ. ಜೊತೆಯವರು ಹಂಗಿಸಿದರು, ಅಧಿಕಾರಿಗಳು ಹೊರಗೆ ಹಾಕಲು ನೋಡಿದರು. 1945ರಲ್ಲಿ ಓಕಿನಾವಾದ ಕಡಿದಾದ ಗುಡ್ಡದ ಮೇಲಿಂದ ಸುಮಾರು 75 ಗಾಯಾಳುಗಳನ್ನು ಒಬ್ಬೊಬ್ಬರನ್ನಾಗಿ ಹಗ್ಗ ಕಟ್ಟಿ ಇಳಿಸಿದ. ಅವರ ದೇಶದ ಅತಿ ದೊಡ್ಡ ಶೌರ್ಯ ಪದಕ ಸಿಕ್ಕಿತು.

ನಮ್ಮಲ್ಲಿ ಸೇನೆಗೆ ಕಡ್ಡಾಯ ಭರ್ತಿ ಇಲ್ಲ, ಸೇರಿದವರು ತರಬೇತಿಯಲ್ಲಿ ಬಂದೂಕು ಹಿಡಿಯಲೇಬೇಕು. ಡಾಸ್‌ಗೆ ಸಿಕ್ಕ ರಿಯಾಯಿತಿ ಇಲ್ಲಿ ಕೇಳಬೇಡಿ. ಆದರೆ ನರ್ಸಿಂಗ್ ಅಸಿಸ್ಟೆಂಟ್ ಭರ್ತಿ ನಡೆಯುತ್ತದೆ, ಪಿಯುಸಿಯಲ್ಲಿ ಬಯಾಲಜಿ ಇರಬೇಕು. ತಮ್ಮನಿಗೆ ಕೇಳಿ ನೋಡಿ.

ಇನ್ನೊಂದು. ಹಟ ಹಿಡಿದು ನಿಲ್ಲುವವರನ್ನು ದ್ರೋಹಿ ಅನ್ನುವವರಿಗೆ 1986ರ ಬಿಜೋ ಇಮ್ಯಾನುಯೆಲ್ ತೀರ್ಪು ತೋರಿಸಿ. ಕೇರಳದ ಮೂರು ಮಕ್ಕಳು, ಯೆಹೋವನ ಸಾಕ್ಷಿಗಳು ಅನ್ನುವ ಪಂಗಡದ ಮನೆಯವರು. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆಯಿಂದ ತೆಗೆದರು. ಗೌರವದಿಂದ ನಿಂತಿದ್ದಾರಲ್ಲ, ಅದು ಅವಮಾನ ಅಲ್ಲ ಅಂತ ಸುಪ್ರೀಂ ಕೋರ್ಟ್ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಲು ಹೇಳಿತು. ಅವರ ಬೋಧನೆ ನನಗೆ ಒಪ್ಪಿಗೆ ಇಲ್ಲ. ಆ ಮಕ್ಕಳ ಧೈರ್ಯ ಒಪ್ಪಿಗೆ.

ಸಭಾಪಾಲಕ, ಮೈಸೂರು ಕಡೆ

ಆಂಟಿಯ ವಿಚಾರ ಯಾರೂ ಮುಟ್ಟಲಿಲ್ಲ. ನನಗೆ ಮೊದಲು ಕಂಡದ್ದು ಅದೇ. ಸಭೆಯ ಗುಂಪಿನಲ್ಲಿ ಯೇಸುವಿನ ಮಾತು ಹಾಕಿದ್ದಕ್ಕೆ ಒಬ್ಬ ತಾಯಿ ಹೊರಗೆ ಹೋದರೆ, ಪಾಸ್ಟರ್ ಅವರ ಮನೆಗೆ ಹೋಗಬೇಕು. ಹೋಗದಿದ್ದರೆ ನೀವು ಹೋಗಿ ಅಕ್ಕಾ. ದ್ರೋಹಿ ಅಂದವರನ್ನೂ ಒಂದು ದಿನ ಕರೆದುಕೊಂಡು ಹೋಗಿ. ಚರ್ಚೆ ಬೇಡ, ಚಹಾ ಕುಡಿದು ಬನ್ನಿ.

ನಮ್ಮಲ್ಲೂ ಆ ಮೇ ತಿಂಗಳಲ್ಲಿ ಬಿಸಿ ಇತ್ತು. ನಮ್ಮ ಸಭೆಯಲ್ಲಿ ಇಬ್ಬರು ಜವಾನರ ಮನೆಗಳಿವೆ. ಭಾನುವಾರದ ಮಧ್ಯಸ್ಥಿಕೆ ಪ್ರಾರ್ಥನೆಯಲ್ಲಿ ಮೊದಲು ಅವರಿಬ್ಬರ ಹೆಸರು ಹೇಳಿದೆ, ಪಹಲ್ಗಾಮ್‌ನಲ್ಲಿ ಸತ್ತವರ ಮನೆಯವರನ್ನು ನೆನೆದೆ. ಆಮೇಲೆ ಗಡಿಯ ಈಚೆ, ಆಚೆ ಮನೆ ಬಿಟ್ಟು ಓಡಿದವರಿಗಾಗಿ ಪ್ರಾರ್ಥಿಸಿದೆ. "ಆಚೆ" ಅಂದಾಗ ಕೆಲವರು ಕಣ್ಣು ತೆರೆದು ನೋಡಿದರು. ಆರಾಧನೆ ಮುಗಿದ ಮೇಲೆ ಒಬ್ಬರು ಬಂದು ಬೈದರು ಕೂಡ. ಆದರೆ ಜವಾನನ ತಾಯಿ ಬೈಯಲಿಲ್ಲ. ಅವರಿಗೆ ಬೇಕಿದ್ದದ್ದು ಯುದ್ಧ ನಿಲ್ಲುವುದು. ಜಾಸ್ತಿ ಕೂಗುವವರು ಯಾರು ಅಂತ ಗಮನಿಸಿ, ಸಾಮಾನ್ಯವಾಗಿ ಅವರ ಮನೆಯಿಂದ ಯಾರೂ ಗಡಿಯಲ್ಲಿ ಇರುವುದಿಲ್ಲ.

ರಾಜಕೀಯದ ಬಗ್ಗೆ: ಪುಲ್ಪಿಟ್‌ನಿಂದ ಪಕ್ಷದ ಹೆಸರು ಹೇಳುವುದಿಲ್ಲ. ಧರ್ಮದ ಹೆಸರಲ್ಲಿ ಓಟು ಕೇಳುವುದು ಜನತಾ ಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಭ್ರಷ್ಟ ಆಚರಣೆ. ಆರಾಧನಾ ಸ್ಥಳವನ್ನು ರಾಜಕೀಯಕ್ಕೆ ಬಳಸಬಾರದು ಅಂತ 1988ರ ಕಾಯ್ದೆಯೂ ಇದೆ. ಕಾನೂನು ಇಲ್ಲದಿದ್ದರೂ ಹೇಳುತ್ತಿರಲಿಲ್ಲ. ಅಭ್ಯರ್ಥಿ ಬಂದರೆ ಹಾರ ಇಲ್ಲ, ಎಲ್ಲರ ಜೊತೆ ಬೆಂಚಿನಲ್ಲಿ ಕೂರಲಿ. ಆದರೆ ಊರ ಕೆರೆ ಒತ್ತುವರಿ ಆದಾಗ ಅರ್ಜಿ ಬರೆದುಕೊಟ್ಟಿದ್ದೇವೆ, ಪಕ್ಕದ ಕೇರಿಯವರಿಗೆ ನೀರು ನಿಲ್ಲಿಸಿದಾಗ ಪಂಚಾಯಿತಿಗೆ ಹೋಗಿದ್ದೇವೆ. ಅದೂ ರಾಜಕೀಯವೇ. ಪರಲೋಕ ನಮ್ಮ ದೇಶ ಅನ್ನುವವರು ನೀರಿನ ಬಿಲ್ ಇಲ್ಲೇ ಕಟ್ಟುತ್ತಾರಲ್ಲ.

ಅಜ್ಜನಿಗೆ ಬಲವಂತ ಮಾಡಬೇಡಿ. ಹುಡುಗನಿಗೆ ಆಶೀರ್ವಾದ ಕೊಡಬಹುದು, ಬಂದೂಕಿಗೆ ಕೊಡಬೇಕಾಗಿಲ್ಲ. ನಾನು ಹಾಗೇ ಮಾಡುತ್ತೇನೆ.

ಕೇಳಿದವರು: ಧಾರವಾಡದಿಂದ

ಎಲ್ಲರಿಗೂ ಥ್ಯಾಂಕ್ಸ್. ಆಂಟಿ ಮನೆಗೆ ನಾನು, ಅಮ್ಮ ಹೋಗಿ ಬಂದೆವು. ದ್ರೋಹಿ ಅಂದ ಅಂಕಲ್ ಇನ್ನೂ ಬರಲು ಒಪ್ಪಿಲ್ಲ. ಮ್ಯಾಕ್ಸಿಮಿಲಿಯನ್ ಕಥೆಯನ್ನು ಅಜ್ಜ ಎರಡು ಸಲ ಓದಿಸಿಕೊಂಡರು. ಅದೇ ಕಥೆ ಕೇಳಿ ತಮ್ಮ, "ಅವನೇ ಬೇರೆಯವರನ್ನು ಬೈಯಲಿಲ್ಲವಲ್ಲ" ಅಂತ ಅಜ್ಜನಿಗೇ ವಾದ ಹಾಕಿದ. ಇಬ್ಬರೂ ಗೆದ್ದೆವು ಅಂದುಕೊಂಡಿದ್ದಾರೆ.

ಮಂದಿರ ಪೆರೇಡ್ ವಿಚಾರ ಅವನು ಯೋಚಿಸಿಯೇ ಇರಲಿಲ್ಲ. ಈಗ ಯೋಚಿಸುತ್ತಿದ್ದಾನೆ. ನರ್ಸ್ ಅಕ್ಕಾ, ಅವನದು ಕಾಮರ್ಸ್, ಬಯಾಲಜಿ ಇಲ್ಲ. ಸುಬೇದಾರ್ ಸರ್, ಕ್ಲರ್ಕ್ ಹುದ್ದೆಗೆ ಹೋದವರನ್ನೂ ಗಡಿಗೆ ಕಳಿಸುತ್ತಾರಾ? ನಾಲ್ಕು ವರ್ಷ ಮುಗಿದು ಉಳಿಸಿಕೊಳ್ಳುವ ಶೇ. 25ರಲ್ಲಿ ಇವನು ಬರದಿದ್ದರೆ ಮುಂದೇನು? ಅಮ್ಮ ಕೇಳುತ್ತಿದ್ದಾರೆ.