ಉಪ್ಪುನೀರಿನ ಟ್ಯಾಂಕ್ ಸೋರುತ್ತಿದೆ, ಹೊಸದು ಕೂರಿಸುವುದು ಹೇಗೆ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ನಮಸ್ಕಾರ ಸರ್. ನಮ್ಮ ಮನೆಯಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕ್ ಇದೆ. ಆರು ವರ್ಷದ ಹಿಂದೆ ಮಗ ಹಟ ಹಿಡಿದು ಮಾಡಿಸಿದ್ದು. ಅವನು ಕೆಲಸ ಅಂತ ಪುಣೆಗೆ ಹೋದ, ಟ್ಯಾಂಕ್ ನನ್ನ ತಲೆಗೆ ಬಂತು. ಮೊನ್ನೆ ಬೆಳಿಗ್ಗೆ ರಂಗೋಲಿ ಹಾಕಿ ಒಳಗೆ ಬಂದರೆ ಹಾಲ್ ತುಂಬಾ ನೀರು. ಕೆಳಗಿನ ಮೂಲೆಯಲ್ಲಿ ಸಿಲಿಕಾನ್ ಬಿಟ್ಟುಕೊಂಡಿದೆ. ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು, ಒಂದು ಸಿಗಡಿ, ಜೊತೆಗೆ ಝೋವಾ, ಮಶ್ರೂಮ್, ಒಂದು ಲೆದರ್ ಹೀಗೆ ಹವಳಗಳೂ ಇವೆ. ಸದ್ಯ ಎಲ್ಲವನ್ನೂ ಎರಡು ಪ್ಲಾಸ್ಟಿಕ್ ಟಬ್ಬಿನಲ್ಲಿ ಹಾಕಿದ್ದೇನೆ. ಒಳಗಿನಿಂದ ಸಿಲಿಕಾನ್ ಹಚ್ಚಿದರೆ ಸಾಲದೇ? ಹೊಸದೇ ಬೇಕು ಅಂದರೆ ಹಳೇ ಮರಳು, ಹಳೇ ನೀರು ಬಳಸಬಹುದಾ? ಮನೆಯ ಕುಡಿಯುವ ಆರ್‌ಓ ನೀರು ಆಗುತ್ತಾ?

ಉತ್ತರ (ಅಕ್ವೇರಿಯಂ ಕೆಲಸದವರು, ಮೈಸೂರು):
ಮೇಡಂ, ಮೊದಲು ಟಬ್ಬಿನ ವಿಷಯ. ಟ್ಯಾಂಕ್ ಆಮೇಲೆ ನೋಡೋಣ. ಗಾಜು ಎಷ್ಟು ದಿನ ತಡವಾದರೂ ಪರವಾಗಿಲ್ಲ, ಟ್ಯಾಂಕಿನೊಳಗಿನ ಜೀವಂತ ಕಲ್ಲು (ಲೈವ್ ರಾಕ್) ಸಾಯಬಾರದು. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬಹುಪಾಲು ಆ ಕಲ್ಲಿನ ಸಂದುಗಳಲ್ಲೇ ಇರುತ್ತದೆ. ನೀರಿನಲ್ಲಿ ಇರುವುದು ತೀರಾ ಕಡಿಮೆ. ಆರು ವರ್ಷದ ಕಲ್ಲು ಉಳಿದರೆ ನಿಮ್ಮ ಟ್ಯಾಂಕ್ ಉಳಿದ ಹಾಗೆಯೇ, ಗಾಜು ಮಾತ್ರ ಹೊಸದು.

ಕಲ್ಲು ಉಪ್ಪುನೀರಿನಲ್ಲಿ ಪೂರ್ತಿ ಮುಳುಗಿರಲಿ. ಹಳೇ ವೇವ್‌ಮೇಕರ್ ಅದರೊಳಗೆ ಬಿಟ್ಟು ನೀರು ಓಡಾಡುವಂತೆ ಮಾಡಿ. ಮೀನಿನ ಟಬ್ಬಿಗೆ ಏರ್ ಪಂಪ್ ಹಾಕಿ, ಮೇಲೆ ಜಾಲರಿ ಮುಚ್ಚಿ. ಗೋಬಿ ರಾತ್ರಿ ಹಾರಿ ನೆಲಕ್ಕೆ ಬಿದ್ದು ಒಣಗಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಆಹಾರ ತೀರಾ ಕಡಿಮೆ ಸಾಕು. ಅಮೋನಿಯಾ ಟೆಸ್ಟ್ ದಿನಾ ಮಾಡಿ. ಸ್ವಲ್ಪ ಬಣ್ಣ ಬಂದರೂ ಕಾಲು ಭಾಗ ನೀರು ಬದಲಾಯಿಸಿ. ಆ ಟಬ್ಬುಗಳಲ್ಲಿ ಹಿಂದೆ ಬಟ್ಟೆ ನೆನೆಸಿರಲಿಲ್ಲ ತಾನೆ?

ಸಿಲಿಕಾನ್ ಮೇಲಿಂದ ಹಚ್ಚುವ ಮಾತು ಬಿಡಿ. ಒಣಗಿದ ಹಳೇ ಸಿಲಿಕಾನ್ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ಗಾಜು ಪೂರ್ತಿ ಬಿಚ್ಚಿ, ಕೆರೆದು, ಮತ್ತೆ ಅಂಟಿಸಬೇಕು. ಅಷ್ಟು ಮಾಡುವ ಕೂಲಿಗೆ ಇನ್ನೊಂದಿಷ್ಟು ಸೇರಿಸಿದರೆ ಹೊಸದೇ ಬರುತ್ತದೆ. ಅಂಟಿಸುವವರಿಗೆ ಒಂದು ಮಾತು ಹೇಳಿ: ಬಾತ್‌ರೂಮಿಗೆ ಬಳಸುವ, ಬೂಷ್ಟು ಬರದಂತೆ ಔಷಧಿ ಸೇರಿಸಿದ ಸಿಲಿಕಾನ್ ಬೇಡ. ವಿನೆಗರ್ ಥರ ಹುಳಿ ವಾಸನೆ ಪೂರ್ತಿ ಹೋಗಬೇಕು. ಒಂದು ವಾರ ಒಣಗಲು ಬಿಟ್ಟು, ಆಮೇಲೆ ಮನೆ ಹೊರಗೆ ಬರೀ ನಲ್ಲಿ ನೀರು ತುಂಬಿ ಎರಡು ಮೂರು ದಿನ ನೋಡಿ. ಟ್ಯಾಂಕಿನ ತಳಕ್ಕೆ ಸಮನಾದ ಫೋಮ್ ಹಾಸಿಗೆ ಇರಲಿ. ಒಂದು ಮರಳಿನ ಹರಳು ಸಿಕ್ಕಿಕೊಂಡರೂ ಗಾಜಿನ ಅಷ್ಟೂ ಭಾರ ಆ ಒಂದು ಕಡೆ ಕೂರುತ್ತದೆ.

ಹಳೇ ಮರಳು ಬೇಡವೇ ಬೇಡ. ಆರು ವರ್ಷದ ಗಲೀಜು ಅದರ ಅಡಿಯಲ್ಲಿದೆ. ಕದಡಿದರೆ ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಅಮೋನಿಯಾ ಏರುತ್ತದೆ, ಮೀನು ಒಂದೇ ರಾತ್ರಿಗೆ ಹೋಗಬಹುದು. ಮೇಲ್ಪದರದಿಂದ ಒಂದು ಲೋಟ ಮರಳು ಎತ್ತಿಟ್ಟುಕೊಂಡು ಉಳಿದದ್ದು ಎಸೆಯಿರಿ. ಹೊಸ ಅರಗೊನೈಟ್ ಮರಳನ್ನು (ಉಪ್ಪುನೀರಿನ ಟ್ಯಾಂಕಿಗೆ ಬಳಸುವ ಸುಣ್ಣದ ಮರಳು) ನೀರು ತಿಳಿಯಾಗುವವರೆಗೆ ತೊಳೆದು ಹಾಕಿ. ನದಿ ಮರಳು ಬೇಡ.

ಪ್ರಶ್ನೆ (ಅವರೇ):
ಹಳೇ ನೀರು, ಆರ್‌ಓ ನೀರಿನ ವಿಷಯ ಹೇಳಲಿಲ್ಲ ಸರ್.

ಉತ್ತರ:
ಹಳೇ ನೀರು ತಿಳಿಯಾಗಿದ್ದರೆ ಅರ್ಧದಷ್ಟು ಬಳಸಿ. ಕಲ್ಲಿಗೆ, ಹವಳಗಳಿಗೆ ಏಕಾಏಕಿ ಬದಲಾವಣೆ ಕಡಿಮೆಯಾಗುತ್ತದೆ, ಅಷ್ಟೇ ಲಾಭ.

ಕುಡಿಯುವ ಆರ್‌ಓ ಹಾಗೇ ಆಗುವುದಿಲ್ಲ. ತುಂಬಾ ಮಷೀನುಗಳಲ್ಲಿ ರುಚಿಗೆಂದು ಒಂದು ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ಸ್ಕ್ರೂ ಇರುತ್ತದೆ. ಅದು ಒಳಗೇ ಸ್ವಲ್ಪ ಶುದ್ಧ ಮಾಡದ ನೀರು ಬೆರೆಸುತ್ತದೆ. ಕೆಲವದರಲ್ಲಿ ಮಿನರಲ್ ಕಾರ್ಟ್ರಿಜ್ ಬೇರೆ. ನಾಲಿಗೆಗೆ ಅದು ಸರಿ, ಹವಳಕ್ಕೆ ಬೇಡ. ಆ ಸ್ಕ್ರೂ ಮುಚ್ಚಿಸಿ, ಮಿನರಲ್ ಕಾರ್ಟ್ರಿಜ್ ಬರುವ ಮೊದಲೇ ಪೈಪ್ ಎಳೆದು, ಕೊನೆಯಲ್ಲಿ ಒಂದು ಡಿಐ ರೆಸಿನ್ (ಉಳಿದ ಲವಣ ಹಿಡಿದಿಡುವ ಫಿಲ್ಟರ್) ಸೇರಿಸಿ. ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ವೇಸ್ಟ್ ನೀರು ನೆಲ ಒರೆಸಲು ಇಟ್ಟುಕೊಳ್ಳಿ.

ಉಪ್ಪು, ಹವಳದ ಟ್ಯಾಂಕಿಗೆಂದೇ ಸಿಗುವ ರೀಫ್ ಉಪ್ಪೇ ಆಗಬೇಕು. 100 ಲೀಟರಿಗೆ ಸುಮಾರು 3.8 ಕಿಲೋ ಬೇಕಾಗುತ್ತದೆ, ಡಬ್ಬಿಯ ಮೇಲಿನ ಅಳತೆಯನ್ನೂ ನೋಡಿ. ನೀರಿಗೆ ಉಪ್ಪು ಹಾಕಬೇಕು, ಉಪ್ಪಿಗೆ ನೀರು ಸುರಿಯಬಾರದು. ಪಂಪ್ ಬಿಟ್ಟು ಒಂದು ದಿನ ತಿರುಗಿಸಿ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 1.025ರಿಂದ 1.026 ಬರಬೇಕು. ಟಬ್ಬಿನ ನೀರಿನ ಅಳತೆಯೂ ಅದೇ ಇದ್ದರೆ ಮಾತ್ರ ಮೀನನ್ನು ಹೊಸ ಟ್ಯಾಂಕಿಗೆ ಬಿಡಿ.

ಇನ್ನೊಬ್ಬರು (ಮಂಡ್ಯ):
ಅಣ್ಣ, ನಮ್ಮದು ಬೋರ್ ನೀರು. ಟಿಡಿಎಸ್ 900 ತೋರಿಸ್ತಾ ಇದೆ. ಡಿಐ ರೆಸಿನ್ ತಿಂಗಳಿಗೇ ಖಾಲಿ. ಮಂಗಳೂರಿನಿಂದ ಕ್ಯಾನ್‌ನಲ್ಲಿ ಸಮುದ್ರದ ನೀರು ತರಿಸಿದರೆ ಸುಲಭ ಅಲ್ವಾ?

ಉತ್ತರ:
ಆರ್‌ಓ ಮಷೀನಿನ ಮೆಂಬ್ರೇನ್ (ನೀರು ಸೋಸುವ ಪೊರೆ) ಹಳತಾಗಿದೆ ಅನ್ನಿಸುತ್ತದೆ. ಡಿಐಗೆ ಹೋಗುವ ಮೊದಲು ಟಿಡಿಎಸ್ ನೋಡಿ. ಅಲ್ಲೇ 50 ದಾಟಿದ್ದರೆ ಮೆಂಬ್ರೇನ್ ಬದಲಾಯಿಸಿ, ರೆಸಿನ್ ಬಾಳುತ್ತದೆ. ಇಲ್ಲದಿದ್ದರೆ ಮಳೆಗಾಲದಲ್ಲಿ ಮೊದಲ ಎರಡು ಮಳೆ ಬಿಟ್ಟು, ಶುದ್ಧವಾದ ತಾರಸಿಯ ನೀರು ಹಿಡಿದು ಆರ್‌ಓಗೆ ಕೊಡಿ.

ಸಮುದ್ರದ ನೀರು ನನಗೆ ಇಷ್ಟವಿಲ್ಲ. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುತ್ತವೆ. ಮಳೆಗಾಲದಲ್ಲಿ ದಡದ ನೀರಿನ ಉಪ್ಪು ಇಳಿದುಬಿಡುತ್ತದೆ. ದೋಣಿಗಳ ಎಣ್ಣೆ, ಊರಿನ ಕೊಳಕು ಬೇರೆ. ಘಟ್ಟ ಹತ್ತಿಸಿ ಅದನ್ನು ತರುವ ಖರ್ಚಿನಲ್ಲಿ ಮೆಂಬ್ರೇನೇ ಬರುತ್ತದೆ.

ಇನ್ನೊಬ್ಬರು:
ಮೇಡಂ, ಕಲ್ಲಿನ ಮೇಲೆ ಪಾಚಿ ಇದ್ದರೆ ಒಂದು ಸಲ ಕುದಿಸಿಬಿಡಿ. ನಾನು ಸಿಹಿನೀರಿನ ಟ್ಯಾಂಕಿಗೆ ಹಾಗೇ ಮಾಡುವುದು. ಕ್ಲೀನ್ ಆಗುತ್ತೆ.

ಉತ್ತರ:
ದಯವಿಟ್ಟು ಬೇಡ! ಮೇಡಂ, ಇದನ್ನು ಮಾತ್ರ ಮಾಡಬೇಡಿ. ನಿಮ್ಮ ಕಲ್ಲಿನ ಮೇಲೆ ಝೋವಾ ಇದೆ. ಝೋವಾ, ಅದರ ಹತ್ತಿರದ ಪಾಲಿ ಜಾತಿಯ ಹವಳಗಳಲ್ಲಿ ಕೆಲವದರಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಕುದಿಸಿದರೆ ಅದು ಸಾಯುವುದಿಲ್ಲ, ಹಬೆಯ ಜೊತೆ ಗಾಳಿಗೆ ಬರುತ್ತದೆ. ಹೀಗೆ ಕಲ್ಲು ಕುದಿಸಿ ಇಡೀ ಮನೆಯವರೇ ಆಸ್ಪತ್ರೆ ಸೇರಿದ್ದು ಹೊರದೇಶಗಳಲ್ಲಿ ವರದಿಯಾಗಿದೆ. ಬಿಸಿನೀರು ಸುರಿಯುವುದೂ ಬೇಡ, ಒಣ ಬ್ರಷ್‌ನಲ್ಲಿ ಉಜ್ಜುವುದೂ ಬೇಡ. ಪಾಚಿ ಇದ್ದರೆ ಟಬ್ಬಿನ ನೀರೊಳಗೇ ಕೈಯಿಂದ ಕೀಳಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಕುದಿಸಿದ ಕಲ್ಲಿನಲ್ಲಿ ಬ್ಯಾಕ್ಟೀರಿಯಾವೂ ಉಳಿಯುವುದಿಲ್ಲ, ಅದು ಬೇರೆ ಮಾತು.

ಪ್ರಶ್ನೆ (ಕುವೆಂಪುನಗರ):
ಅಯ್ಯೋ, ದೊಡ್ಡ ಪಾತ್ರೆ ಆಗಲೇ ಅಟ್ಟದಿಂದ ಇಳಿಸಿದ್ದೆ ಸರ್. ವಾಪಸ್ ಇಟ್ಟೆ. ಕಲ್ಲು ಸ್ವಲ್ಪ ಕಡಿಮೆ ಅನ್ನಿಸುತ್ತದೆ, ಪರಿಚಯದವರು ರಾಮೇಶ್ವರದ ಕಡೆಯಿಂದ ತಂದುಕೊಡುತ್ತೇನೆ ಅಂತಾರೆ. ಇನ್ನೊಂದು, ಟ್ಯಾಂಕನ್ನು ಮೊದಲ ಮಹಡಿಗೆ ಸಾಗಿಸುವ ಯೋಚನೆ ಇದೆ.

ಉತ್ತರ:
ಬೇಡ ಮೇಡಂ. ಸಮುದ್ರದ ಆ ಕಲ್ಲು ಹವಳದ್ದೇ; ಕಲ್ಲು ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ನಮ್ಮ ಸಮುದ್ರದಿಂದ ಕಿತ್ತು ತಂದರೆ ಕೇಸ್ ಆಗುತ್ತದೆ. ಅಂಗಡಿಯಲ್ಲಿ ಸಿಗುವ ಸೆರಾಮಿಕ್ ಕಲ್ಲು ಹಾಕಿ, ಹಳೇ ಕಲ್ಲಿನ ಪಕ್ಕ ಇಟ್ಟರೆ ಕೆಲವು ತಿಂಗಳಲ್ಲಿ ಅದೂ ಜೀವ ಹಿಡಿಯುತ್ತದೆ.

ಮಹಡಿಗೆ ಒಯ್ಯುವ ಮೊದಲು ಲೆಕ್ಕ ಹಾಕಿ. ಅಂಚಿನವರೆಗೆ ತುಂಬಿದರೆ ಸುಮಾರು 255 ಲೀಟರ್, ಅಂದರೆ ನೀರೇ ಎರಡೂವರೆ ಕ್ವಿಂಟಾಲ್. ಗಾಜು, ಕಲ್ಲು, ಸ್ಟ್ಯಾಂಡ್, ಟ್ಯಾಂಕಿನ ಕೆಳಗಿನ ಸಂಪ್ (ಫಿಲ್ಟರ್ ತೊಟ್ಟಿ) ಸೇರಿದರೆ 400 ಕಿಲೋ ದಾಟಬಹುದು. ಮನೆ ಕಟ್ಟಿದ ಇಂಜಿನಿಯರ್‌ಗೆ ತೋರಿಸದೆ ಬೇಡ. ನನ್ನನ್ನು ಕೇಳಿದರೆ ಕೆಳಗೇ ಇರಲಿ, ಬೇಸಿಗೆಯಲ್ಲಿ ಮಹಡಿ ಕಾಯುತ್ತದೆ. ನೀರು 25–26 ಡಿಗ್ರಿ ಇರಬೇಕು. ನಮ್ಮ ಏಪ್ರಿಲ್‌ನ ಒಣ ಗಾಳಿಗೆ ನೀರಿನ ಮೇಲೆ ಒಂದು ಸಣ್ಣ ಫ್ಯಾನ್ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಇದು ಅಷ್ಟು ನಡೆಯುವುದಿಲ್ಲ. ಆದರೆ ಆವಿಯಾದ ಜಾಗಕ್ಕೆ ಬರೀ ಸಿಹಿ ಆರ್‌ಓ ನೀರು ತುಂಬಿ. ಉಪ್ಪು ಆವಿಯಾಗುವುದಿಲ್ಲ ಅಲ್ವಾ?

ಕೊನೆಗೆ, ಹೊಸ ಟ್ಯಾಂಕ್ ನಡೆಯಲು ಶುರುವಾದ ದಿನವೇ ಮೇನ್ ಆಫ್ ಮಾಡಿ ನೋಡಿ. ಕರೆಂಟ್ ಹೋದಾಗ ಮೇಲಿನ ನೀರು ಪೈಪಿನಲ್ಲಿ ಸಂಪಿಗೆ ಇಳಿಯುತ್ತದೆ, ಅಲ್ಲಿ ಜಾಗ ಇಲ್ಲದಿದ್ದರೆ ಮತ್ತೆ ಹಾಲ್ ತುಂಬಾ ನೀರು. ಇನ್ವರ್ಟರ್‌ಗೆ ವೇವ್‌ಮೇಕರ್, ಏರ್ ಪಂಪ್ ಎರಡನ್ನೇ ಕೊಡಿ. ಲೈಟ್ ಮೊದಲ ವಾರ ಅರ್ಧ ಹೊತ್ತು ಸಾಕು, ಹೊಸ ನೀರು ತಿಳಿ ಇರುವುದರಿಂದ ಪೂರ್ತಿ ಹೊತ್ತು ಬೆಳಕು ಬಿದ್ದರೆ ಹವಳ ಸುಟ್ಟುಹೋಗಬಹುದು.

ಪ್ರಶ್ನೆ (ಕುವೆಂಪುನಗರ, ನಾಲ್ಕು ದಿನದ ನಂತರ):
ಅಮೋನಿಯಾ ಸೊನ್ನೆ ಸರ್. ಸಿಗಡಿ ಪೊರೆ ಬಿಟ್ಟಿದೆ. ಗಾಜಿನವರು ಹತ್ತು ದಿನ ಅಂದರು.

ಉತ್ತರ:
ಹತ್ತು ಅಂದರೆ ಹದಿನೈದು ಅಂದುಕೊಳ್ಳಿ. ಕಲ್ಲಿನ ಟಬ್ಬಿನಲ್ಲಿ ಮೀನಿಲ್ಲ ತಾನೆ? ಎರಡು ದಿನಕ್ಕೊಮ್ಮೆ ಅದಕ್ಕೂ ಒಂದು ಚಿಟಿಕೆ ಮೀನಿನ ಆಹಾರ ಹಾಕಿ, ಬ್ಯಾಕ್ಟೀರಿಯಾಕ್ಕೂ ಊಟ ಬೇಕು.