ಮಳೆಗಾಲದಲ್ಲಿ ಸುರಿದ ರೆಸಿನ್ ಎರಡನೇ ಪದರ ಮಂಜುಮಂಜು, ಅಂಟಂಟು

ಹಲಗೆಚಿತ್ರ (ಚಿಕ್ಕಮಗಳೂರು):
30×45 ಸೆಂ.ಮೀ. ಸಿಲ್ವರ್ ಓಕ್ ಹಲಗೆ. ಆಕ್ರಿಲಿಕ್ ಬಣ್ಣ, ಟಿಶ್ಯೂ ಕಾಗದ, ಒಣಗಿಸಿದ ಕಾಫಿ ಚರಟ, ಅದರ ಮೇಲೆ ಎಪಾಕ್ಸಿ (ರೆಸಿನ್‌ಗೆ ಹಾರ್ಡ್‌ನರ್ ಕಲಸಿದರೆ ಗಟ್ಟಿಯಾಗುವ ದ್ರವ). ಮೊದಲ ಪದರ ಗಟ್ಟಿಯಾಯಿತು, ಆದರೆ ಮರ ಬರಿದಾಗಿ ಬಿಟ್ಟ ಕಡೆ ಸೂಜಿಮೊನೆಯಷ್ಟು ತೂತುಗಳು. ಮೂರು ದಿನದ ನಂತರ ಆಕ್ರಿಲಿಕ್ ಇಂಕಿನಲ್ಲಿ ಗೆರೆ ಎಳೆದು ಎರಡನೇ ಪದರ ಸುರಿದೆ. 48 ಗಂಟೆಯಾದರೂ ಮೇಲೆ ಹಾಲಿನಂಥ ಪೊರೆ, ಕೈಗೆ ಅಂಟುತ್ತದೆ, ಅಲ್ಲಲ್ಲಿ ಗುಳಿ. ಡಬ್ಬದ ಮೇಲೆ 2:1 ಅಂತಿದೆ. ತಕ್ಕಡಿಯಲ್ಲಿ 200 ಗ್ರಾಂ ರೆಸಿನ್, 100 ಗ್ರಾಂ ಹಾರ್ಡ್‌ನರ್ ತೂಗಿ ಹಾಕಿದ್ದೆ.

ಉಳಿಬಾಚಿ (ಹಾಸನ):
ಡಬ್ಬ ಇನ್ನೊಮ್ಮೆ ನೋಡಿ. 2:1 ಅನ್ನುವುದು ಅಳತೆಯೋ (ಮಿ.ಲೀ.) ತೂಕವೋ (ಗ್ರಾಂ)? ಅಳತೆಯಾದರೆ ತೂಕದಲ್ಲಿ ಲೆಕ್ಕ ಬೇರೆ, ಯಾಕೆಂದರೆ ಹಾರ್ಡ್‌ನರ್ ಹಗುರ. ರೆಸಿನ್ ಸಾಂದ್ರತೆ 1.12, ಹಾರ್ಡ್‌ನರ್‌ದು 0.96 ಇದ್ದರೆ 200 ಗ್ರಾಂಗೆ 86 ಗ್ರಾಂ ಸಾಕು. ಹೆಚ್ಚಾದ ಹಾರ್ಡ್‌ನರ್ ಕೂಡಿಕೊಳ್ಳಲು ರೆಸಿನ್ ಸಿಗದೆ ಹಾಗೇ ಉಳಿಯುತ್ತದೆ. ಎಷ್ಟು ದಿನ ಕಾದರೂ ಗಟ್ಟಿಯಾಗುವುದಿಲ್ಲ.

ಅಂದಮೇಲೆ ಮೊದಲು ಪರೀಕ್ಷೆ. ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಒಂದು ಮೂಲೆ ಉಜ್ಜಿ. ಪೊರೆ ಎದ್ದು ಬಂದು ಕೆಳಗೆ ಗಟ್ಟಿ ಇದ್ದರೆ ಅದು ಬ್ಲಶ್, ಅಂದರೆ ತೇವದ ಗಾಳಿಗೆ ರೆಸಿನ್ ಮೇಲೆ ಕೂರುವ ಮೇಣದಂಥ ಪೊರೆ. ಉಗುರು ಒತ್ತಿದ ಗುರುತು ಹಾಗೇ ನಿಂತರೆ ಮಿಶ್ರಣದ ತಪ್ಪು.

ಹಲಗೆಚಿತ್ರ:
ಡಬ್ಬದಲ್ಲಿ ಅಳತೆ ಅಂತಲೇ ಇದೆ. ಪೊರೆ ನೀರಿಗೆ ಹೋಯಿತು, ಆದರೆ ಕೆಳಗೆ ಉಗುರು ಗುರುತು ನಿಲ್ಲುತ್ತದೆ.

ಉಳಿಬಾಚಿ:
ಹಾಗಾದರೆ ಎರಡೂ ಇದೆ. ಎರಡನೇ ಪದರ ತೆಗೆಯಲೇಬೇಕು. ಮೆದುವಿನ ಮೇಲೆ ಹೊಸದು ಸುರಿದರೆ ತಳ ಮೆದುವಾಗಿಯೇ ಉಳಿಯುತ್ತದೆ. ಹೀಟ್ ಗನ್ನಿನಿಂದ ಸ್ವಲ್ಪ ಬಿಸಿ ಮಾಡಿ ಪ್ಲಾಸ್ಟಿಕ್ ಕರಣೆಯಿಂದ ಕೆರೆಯಿರಿ. ನೈಟ್ರೈಲ್ ಗ್ಲೌಸ್ ಬೇಕೇ ಬೇಕು. ಇಂಕಿನ ಗೆರೆ ಹೋಗುತ್ತದೆ, ಆಸೆ ಬಿಡಿ. ಕೆಳಗಿನ ಚಿತ್ರ ಮೊದಲ ಪದರದಡಿ ಭದ್ರ.

ಆಮೇಲೆ ನೀರು, ಹಸಿರು ಸ್ಕ್ರಬ್ಬರ್ ಹಿಡಿದು ಎರಡು ಸಲ ತೊಳೆದು, ಒರೆಸಿ, ಒಣಗಿದ ಮೇಲೇ 220 ನಂಬರ್ ಮರಳುಕಾಗದ. ತೊಳೆಯದೆ ಉಜ್ಜಿದರೆ ಮೇಣದಂಥ ಪೊರೆ ಗೀರುಗಳೊಳಗೆ ಮೆತ್ತಿಕೊಳ್ಳುತ್ತದೆ. ನಿಮ್ಮ ಗುಳಿಗಳಿಗೂ ಇದೇ ಕಾರಣ ಇರಬೇಕು: ಮೊದಲ ಪದರದ ಮೇಲೂ ಕಣ್ಣಿಗೆ ಕಾಣದಷ್ಟು ಬ್ಲಶ್ ಇತ್ತು, ತೊಳೆಯದೆ ಸುರಿದಿರಿ. ನಾಲ್ಕೈದು ಗಂಟೆಯೊಳಗೆ, ಬೆರಳಿಗೆ ಅಂಟಿಯೂ ಎದ್ದು ಬಾರದ ಹದದಲ್ಲೇ ಮುಂದಿನ ಪದರ ಸುರಿದರೆ ಉಜ್ಜುವ ಕೆಲಸವೇ ಇರುವುದಿಲ್ಲ.

ತೇವದಮನೆ (ಮೂಡಿಗೆರೆ):
ಬ್ಲಶ್ ಅಂದರೆ ಹಾರ್ಡ್‌ನರ್‌ನಲ್ಲಿರುವ ಅಮೀನ್ ಎಂಬ ರಾಸಾಯನಿಕ, ಗಾಳಿಯ ತೇವ, ಕಾರ್ಬನ್ ಡೈಆಕ್ಸೈಡ್ ಮೂರೂ ಸೇರಿ ಆಗುವ ಉಪ್ಪು. ಹಾಗಾಗಿ ಜುಲೈಯಲ್ಲಿ ಕೋಣೆ ಬೆಚ್ಚಗಾಗಲೆಂದು ಅಗ್ಗಿಷ್ಟಿಕೆಯನ್ನೋ ಗ್ಯಾಸ್ ಒಲೆಯನ್ನೋ ಹಚ್ಚಬೇಡಿ. ಕಾರ್ಬನ್ ಡೈಆಕ್ಸೈಡ್ ಎರಡರಿಂದಲೂ ಬರುತ್ತದೆ, ಗ್ಯಾಸ್ ಉರಿದರೆ ನೀರಾವಿಯೂ ಸೇರುತ್ತದೆ. ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ 60 ವ್ಯಾಟ್‌ನ ಹಳೇ ತಂತಿ ಬಲ್ಬ್ ಇಳಿಬಿಡಿ, ರಟ್ಟಿಗೆ ತಾಗದಂತೆ, ಕಣ್ಣಳತೆಯಲ್ಲೇ ಇರಲಿ. ಎಲ್‌ಇಡಿಯಿಂದ ಶಾಖ ಸಾಲದು. 22 ಡಿಗ್ರಿಯಲ್ಲಿ ಶೇ. 90 ಇರುವ ಗಾಳಿ 30 ಡಿಗ್ರಿಗೆ ಬಂದರೆ ತೇವಾಂಶ ಸುಮಾರು ಶೇ. 56ಕ್ಕೆ ಇಳಿಯುತ್ತದೆ. ಶೇ. 60ರ ಕೆಳಗಿದ್ದರೆ ಧೈರ್ಯವಾಗಿ ಸುರಿಯಬಹುದು. ಬಿಸಿಗೆ ರೆಸಿನ್ ಬೇಗ ಹಿಡಿಯುವುದರಿಂದ ಕಲಸಿದ್ದನ್ನು ಕಪ್ಪಿನಲ್ಲಿ ಇಟ್ಟುಕೊಂಡು ಕೂರಬೇಡಿ.

ಸೂಜಿತೂತು ಮರದ ಉಸಿರು. ಹಲಗೆ ಬಿಸಿಯೇರುವಾಗ ರಂಧ್ರದ ಗಾಳಿ ಹಿಗ್ಗಿ ಮೇಲೆ ಬರುತ್ತದೆ. ಮುಂದಿನ ಹಲಗೆಯನ್ನು 35 ಡಿಗ್ರಿಗೆ ಬೆಚ್ಚಗೆ ಮಾಡಿ, ಆರುತ್ತಾ ಬರುವಾಗ 30–40 ಮಿ.ಲೀ. ರೆಸಿನ್ ಬ್ರಶ್ಶಿನಲ್ಲಿ ತೆಳ್ಳಗೆ ಎಳೆಯಿರಿ. ಆರುವ ಮರ ರೆಸಿನ್ನನ್ನು ಒಳಗೆಳೆದುಕೊಳ್ಳುತ್ತದೆ. ಈಗಿರುವ ತೂತುಗಳಿಗೆ ಹಲ್ಲುಕಡ್ಡಿಯಲ್ಲಿ ಒಂದೊಂದು ಹನಿ ಬಿಟ್ಟರಾಯಿತು.

ಹಲಗೆಚಿತ್ರ:
ಹಲಗೆಯ ಹಿಂಭಾಗ ಬರಿದಾಗಿದೆ, ಅದಕ್ಕೂ ಬಳಿಯಬೇಕಾ?

ಉಳಿಬಾಚಿ:
ಬಳಿಯಿರಿ, ಒಂದು ತೆಳು ಕೋಟ್. ಇಲ್ಲದಿದ್ದರೆ ಮಳೆಗಾಲದಲ್ಲಿ ಆ ಮಗ್ಗುಲು ಮಾತ್ರ ತೇವ ಹೀರಿ ಹಿಗ್ಗುತ್ತದೆ, ಹಲಗೆ ಬಾಗುತ್ತದೆ. ಅಂಚಿನ ಕೊಯ್ದ ಮುಖಗಳನ್ನೂ ಮರೆಯಬೇಡಿ, ನೀರು ಹೆಚ್ಚು ಕುಡಿಯುವುದು ಅವೇ.